ಆಯಿ ಟ್ರಾಲಿಯಿಂದ ಇಳಿದ ವರ್ಷ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೆರೆ ದಂಡೆಯ ಪಾರ್ಕಿನಲ್ಲಿ ಒಂದು ಹಿಡಿ ಮಣ್ಣೆತ್ತಿ ಮೂಸಿ ನೋಡಿ, ಇದು ನಮ್ಮ ಹೊಲದ ಮಣ್ಣು ಎಂದು ಗುರುತು ಹಿಡಿದಳಂತೆ. ನಮ್ಮ ಮನೆಯಲ್ಲಿ ಹಾಗೆ ಹೇಳುತ್ತಾರೆ. ಓಣಿಯಲ್ಲಿ ಹೇಳುತ್ತಾರೆ. ಗೋಗಿಗೆ ಹೋಗುವ ಆಟೋದಲ್ಲಿ ಹೇಳುತ್ತಾರೆ. ಒಮ್ಮೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು, ನಾನು ಯಾರೆಂದು ತಿಳಿಯದೆ, ಇದೇ ಕಥೆಯನ್ನು ನನಗೇ ಹೇಳಿದಳು. ಅವಳ ಕಥೆಯಲ್ಲಿ ಆಯಿಯ ಮೈಮೇಲೆ ದೇವರು ಬಂದಿತ್ತು, ಕೆರೆಯ ನೀರು ಒಂದು ಗಳಿಗೆ ಅಲೆ ನಿಲ್ಲಿಸಿತ್ತು. ಬಸ್ಸು ಬರುವವರೆಗೆ ಕೇಳಿಸಿಕೊಂಡು, "ನೀವು ಅಲ್ಲಿದ್ರೇನ್ರಿ?" ಎಂದೆ. "ಇಲ್ಲವ್ವ, ನಮ್ಮ ನಾದಿನಿ ಇದ್ಲು" ಎಂದಳು. ನಾದಿನಿಯನ್ನು ಹುಡುಕಿಕೊಂಡು ಹೋದರೆ ಅವಳು ಇನ್ನೊಬ್ಬಳ ಹೆಸರು ಹೇಳುತ್ತಾಳೆಂದು ನನಗೆ ಗೊತ್ತು.

ನಾನು ಅಲ್ಲಿದ್ದೆ. ಆಯಿಯಿಂದ ಒಂದು ಮಾರು ದೂರದಲ್ಲಿ ಕಡಬಿನ ಬುಟ್ಟಿ ಹಿಡಿದುಕೊಂಡು ನಿಂತಿದ್ದೆ. ಆಯಿ ಮಣ್ಣು ಮೂಸಲಿಲ್ಲ. ಆ ಮಾತನ್ನೂ ಆಡಲಿಲ್ಲ. ಅವಳು ಆಡಿದ ಮಾತು ಬೇರೆ, ಅದು ಪವಾಡಕ್ಕೆ ಸಾಲದಷ್ಟು ಸಣ್ಣದು.

ಹೀಗೆ ಹೇಳಿದರೆ ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಅಪ್ಪ ನನ್ನನ್ನು ವಕೀಲವ್ವ ಎಂದು ಕರೆಯುತ್ತಾನೆ. ಅದು ಹೊಗಳಿಕೆಯಲ್ಲ. ಕಾಲೇಜಿನಲ್ಲಿದ್ದಷ್ಟು ದಿನವೂ ನಾನು ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡುತ್ತ ತಿರುಗಿದವಳು. 'ಕಾಲುವೆ ನಮ್ಮ ಸೀಮೆಗೆ ವರವೋ ಶಾಪವೋ' ಎಂಬ ವಿಷಯಕ್ಕೆ ಯಾದಗಿರಿಯಲ್ಲಿ ವರವೆಂದು ಮೇಜು ಗುದ್ದಿ ಬಹುಮಾನದ ಕಪ್ಪು ಗೆದ್ದು ತಂದೆ. ಮುಂದಿನ ಸಲ ಸುರಪುರದಲ್ಲಿ ಅದೇ ವಿಷಯ, ಚೀಟಿಯಲ್ಲಿ ವಿರೋಧ ಬಂತು. ಶಾಪವೆಂದು ಕಣ್ಣಲ್ಲಿ ನೀರು ತಂದುಕೊಂಡು ಇನ್ನೊಂದು ಕಪ್ಪು ತಂದೆ. ಅವ್ವ ಒಂದರಲ್ಲಿ ಸಾಸಿವೆ ಹಾಕಿದ್ದಾಳೆ, ಇನ್ನೊಂದರಲ್ಲಿ ಜೀರಿಗೆ. ಎರಡು ಭಾಷಣದಲ್ಲಿಯೂ ನಮ್ಮ ಹೊಲದ ಬನ್ನಿ ಗಿಡದ ಮಾತು ಬರಲಿಲ್ಲವೆಂಬುದು ನನಗೆ ಈಗ ಹೊಳೆಯುತ್ತಿದೆ. ಎಷ್ಟೊಂದು ಮಾತಾಡಿದೆ, ಅದೊಂದು ಬಿಟ್ಟು.

ಇದೆಲ್ಲ ಈ ವಾರ ಮತ್ತೆ ತಲೆಗೆ ಬಂದದ್ದು ಒಂದು ತಾಡಪತ್ರಿಯಿಂದ, ಅಂದರೆ ಹಳೆ ಟಾರ್ಪಾಲಿನಿನಿಂದ. ಅವ್ವ ಅದನ್ನು ಅಟ್ಟದಿಂದ ಎಳೆದು ಅಂಗಳದಲ್ಲಿ ಬಿಸಿಲಿಗೆ ಹರವಿದ್ದಳು. ಹಸಿರು ಹೋಗಿ ಬೂದಿಬಣ್ಣಕ್ಕೆ ತಿರುಗಿದೆ. ಒಂದು ಕಡೆ ಸ್ಟೋವಿನ ಕಿಡಿ ಹಾರಿ ಸುಟ್ಟ ತೂತು. ಮುಖ ಹತ್ತಿರ ಒಯ್ದರೆ ಡೀಸೆಲ್ಲಿನ ವಾಸನೆ, ಅದರ ಕೆಳಗೆ ಸಜ್ಜೆ ಕಡಬಿನ ವಾಸನೆ, ಅದರ ಕೆಳಗೆ ಒಣಹುಲ್ಲಿನದು. ಇದು ನಮ್ಮ ಮನೆಗಾಡಿಯ ಮಾಳಿಗೆ. ಈಗಿನವರು ಒಳಗೇ ಹಾಸಿಗೆ, ಒಲೆ, ನಳ ಇರುವ ವ್ಯಾನುಗಳಲ್ಲಿ ಊರೂರು ತಿರುಗಿ ಕೆರೆ ದಂಡೆಯಲ್ಲಿ ವಸ್ತಿ ಮಾಡುತ್ತಾರೆಂದು ಮೊಬೈಲಿನಲ್ಲಿ ನೋಡಿದಾಗಲೆಲ್ಲ ನನಗೆ ಸ್ವಲ್ಪ ಜಂಬ ಬರುತ್ತದೆ. ನಾವು ಅದನ್ನು ಮೊದಲೇ ಮಾಡಿದವರು. ನಮ್ಮದು ಮಹಬೂಬ ಚಾಚಾನ ಟ್ರ್ಯಾಕ್ಟರಿನ ಟ್ರಾಲಿಯಾಗಿತ್ತು, ಅಷ್ಟೇ ವ್ಯತ್ಯಾಸ.

ಮಹಬೂಬ ಚಾಚಾ ಅಪ್ಪನ ಗೆಳೆಯ, ನಮ್ಮ ಓಣಿಯವನೇ. ಎಳ್ಳ ಅಮವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಅವನ ಟ್ರಾಲಿ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಅಪ್ಪ ಬಿದಿರು ಬಗ್ಗಿಸಿ ಕಮಾನು ಕಟ್ಟಿ ಮೇಲೆ ತಾಡಪತ್ರಿ ಎಳೆಯುತ್ತಿದ್ದ. ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಹಿಂಬದಿಗೆ ಅವ್ವನ ಹಳೆ ಸೀರೆಯೇ ಪರದೆ. ಒಂದು ಮೂಲೆಗೆ ತಗಡು ಹಾಸಿ ಸ್ಟೋವು, ಇನ್ನೊಂದು ಮೂಲೆಗೆ ನೀರಿನ ಕೊಡ, ಅದು ಉರುಳದಂತೆ ಸುತ್ತಲೂ ಹಗ್ಗ. ಅವ್ವ ಮೊಳೆ ಹೊಡೆದು ಸಣ್ಣ ಕನ್ನಡಿಯೊಂದನ್ನು ತೂಗು ಹಾಕುತ್ತಿದ್ದಳು. ರಸ್ತೆಯ ತಗ್ಗಿಗೆ ಗಾಲಿ ಇಳಿದಾಗ ಆ ಕನ್ನಡಿಯಲ್ಲಿ ಊರು, ಗಿಡ, ಕಾಲುವೆ ಎಲ್ಲ ಕುಣಿದು ಹೋಗುತ್ತಿದ್ದವು. ನಾವು ಹುಡುಗರು ಬಡಿದಾಡುತ್ತಿದ್ದದ್ದು ಕನ್ನಡಿಯ ಎದುರಿನ ಜಾಗಕ್ಕೆ.

ಮೂಲೆಯಲ್ಲಿ, ಕೌದಿಯ ಮೇಲೆ, ಮಡಿಲಲ್ಲಿ ಒಂದು ಗಂಟು ಇಟ್ಟುಕೊಂಡು ಆಯಿ.

ಎಳ್ಳ ಅಮವಾಸ್ಯೆಗೆ ಕೆರೆ ಪಾರ್ಕಿಗೆ ಯಾಕೆ ಹೋಗುತ್ತೀರಿ, ಹೊಲಕ್ಕಲ್ಲವೇ ಹೋಗುವುದು ಎಂದು ನೀವು ಕೇಳಬೇಕು. ಕೇಳದಿದ್ದರೆ ನೀವು ನಮ್ಮ ಕಡೆಯವರಲ್ಲ. ನಮ್ಮ ಕಡೆ ಆ ದಿನ ಚರಗ. ಬೆಳೆದು ನಿಂತ ಭೂಮಿ ಬಸುರಿ ಹೆಂಗಸು, ಅವಳಿಗೆ ಬಯಕೆ ಊಟ ಹಾಕಬೇಕು. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸಿ, ಪೂಜೆ ಮಾಡಿ, ಆಮೇಲೆ ಹೊಲದ ಸುತ್ತ ಅನ್ನ ಚೆಲ್ಲುತ್ತ ನಡೆಯುತ್ತಾರೆ. ಮುಂದಿನವರು ಚೆಲ್ಲುತ್ತ ಒಂದು ಕೂಗು ಹಾಕುತ್ತಾರೆ, ಹಿಂದಿನವರು ನೀರು ಹನಿಸುತ್ತ ಅದಕ್ಕೆ ಓಗೊಡುತ್ತಾರೆ. ಒಬ್ಬರೇ ಚರಗ ಚೆಲ್ಲಲಾಗುವುದಿಲ್ಲ. ಕೂಗುವವರೊಬ್ಬರು, ಓಗೊಡುವವರೊಬ್ಬರು ಬೇಕೇ ಬೇಕು. ನಮ್ಮ ಹೊಲದಲ್ಲಿ ಕೂಗುತ್ತಿದ್ದವಳು ಆಯಿ, ಓಗೊಡುತ್ತಿದ್ದವನು ಅಪ್ಪ. ಜೋಳ ಎದೆಯುದ್ದ ಬೆಳೆದ ವರ್ಷ ಇಬ್ಬರೂ ಬೆಳೆಯಲ್ಲಿ ಮುಳುಗಿಹೋಗಿ ದನಿ ಮಾತ್ರ ಹೊಲ ಸುತ್ತಿ ಬರುತ್ತಿತ್ತು. ಇದು ನನಗಿರುವ ಮೊದಲ ನೆನಪುಗಳಲ್ಲೊಂದು. ಅಥವಾ ಅವ್ವ ಹೇಳಿ ಹೇಳಿ ನನ್ನದಾದದ್ದೋ, ಖಾತ್ರಿ ಇಲ್ಲ.

ಹೊಲದ ನಡುವೆ ಒಂದು ದಿಬ್ಬವಿತ್ತು, ದಿಬ್ಬದ ಮೇಲೆ ಬನ್ನಿ ಗಿಡ. ಐದು ಕಲ್ಲು ಇರುತ್ತಿದ್ದದ್ದು ಅದರ ಬುಡದಲ್ಲಿ. ಆಮೇಲೆ ಕಾಲುವೆ ಬಂತು. ಬಂತು ಎಂದರೆ ಬಹಳ ವರ್ಷ ಬರುತ್ತಲೇ ಇತ್ತು, ಒಂದು ವರ್ಷ ನೀರೂ ಬಂತು. ಜೋಳ ಬಿತ್ತುವವರು ಗದ್ದೆ ಕಟ್ಟಲು ಶುರು ಮಾಡಿದರು. ಗದ್ದೆಗೆ ಹೊಲ ಅಂಗೈಯಂತೆ ಸಮ ಇರಬೇಕು. ನೀರು ದಿಬ್ಬ ಹತ್ತುವುದಿಲ್ಲ. ನೆಲ ಸಮ ಮಾಡುವ ಯಂತ್ರ ಊರಿಗೆ ಬಂದದ್ದು ಆಯಿ ನಮ್ಮ ಅತ್ತೆಯ ಬಾಣಂತನಕ್ಕೆಂದು ವಡಗೇರಾಕ್ಕೆ ಹೋಗಿದ್ದಾಗ. ಯಂತ್ರ ನಿಲ್ಲುವುದು ಕೆಲವೇ ದಿನ, ಪಾಳಿ ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಅಪ್ಪ ಕಾಯಲಿಲ್ಲ. ಗಿಡ ಕಡಿಸಿದ, ದಿಬ್ಬ ಕೆಡವಿದ. ತಗ್ಗು ತುಂಬಿ ಮಿಕ್ಕ ಮಣ್ಣನ್ನು ಮಹಬೂಬ ಚಾಚಾನ ಟ್ರಾಲಿಯಲ್ಲಿ ಸಾಗಿಸಿದ. ಐದು ಕಲ್ಲುಗಳನ್ನು ಮಾತ್ರ ಎತ್ತಿ ಬದುವಿನ ಮೇಲೆ ಸಾಲಾಗಿ ಇಟ್ಟಿದ್ದ.

ಆಯಿ ತಿರುಗಿ ಬಂದು ಹೊಲಕ್ಕೆ ಹೋದಳು. ಅಳಲಿಲ್ಲ, ಬೈಯಲಿಲ್ಲ. ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದು ನೀರಿನ ಗಡಿಗೆಯ ಹಿಂದೆ ಇಟ್ಟಳು. ಅಂದಿನಿಂದ ಅಪ್ಪನ ಜೊತೆ ನೇರ ಮಾತು ನಿಲ್ಲಿಸಿದಳು.

ನಿಲ್ಲಿಸಿದಳು ಎಂದರೆ ಜಗಳವೆಂದು ತಿಳಿಯಬೇಡಿ. ಒಂದೇ ಪಡಸಾಲೆಯಲ್ಲಿ ಕೂಡುತ್ತಿದ್ದರು, ಒಂದೇ ಒಲೆಯ ರೊಟ್ಟಿ ಉಣ್ಣುತ್ತಿದ್ದರು. ಮಾತು ಮಾತ್ರ ನನ್ನ ಮೂಲಕ ಹೋಗಬೇಕಿತ್ತು. "ನಿಮ್ಮಪ್ಪಗ ಕೇಳು, ಎಮ್ಮಿಗೆ ಹಿಂಡಿ ಇಟ್ಟಾನೇನಂತ." ಅಪ್ಪ ಅಲ್ಲೇ ಕೂತಿರುತ್ತಿದ್ದ. "ಇಟ್ಟೀನಂತ ಹೇಳು ನಿಮ್ಮ ಆಯಿಗೆ." ನಾನು ಇತ್ತ ತಿರುಗಿ ಹೇಳುತ್ತಿದ್ದೆ, ಅತ್ತ ತಿರುಗಿ ಹೇಳುತ್ತಿದ್ದೆ. ಎಲ್ಲರ ಮನೆಯಲ್ಲಿಯೂ ಅಮ್ಮ ಮಗ ಹೀಗೇ ಮಾತಾಡುತ್ತಾರೆಂದು ಬಹಳ ದಿನ ನಂಬಿದ್ದೆ. ಎರಡೂ ಕಡೆಯ ಮಾತನ್ನು ಒಂದೇ ಬಾಯಲ್ಲಿ ಆಡುವ ನನ್ನ ವಿದ್ಯೆಗೆ ಕಾಲೇಜಿನವರು ಕಪ್ಪು ಕೊಟ್ಟರು. ಕಲಿಸಿದವರು ಇವರಿಬ್ಬರು.

ಒಂದೇ ಒಂದು ಪ್ರಶ್ನೆಗೆ ನನಗೆ ಆ ಕಡೆಯಿಂದ ಒಯ್ಯಲು ಏನೂ ಸಿಗಲಿಲ್ಲ. ಒಂದು ದಿನ ಆಯಿ ಅಕ್ಕಿ ಆರಿಸುತ್ತ ತಲೆಯೆತ್ತದೆ ಹೇಳಿದಳು: "ನಿಮ್ಮಪ್ಪಗ ಕೇಳು, ದಿಬ್ಬದ ಮಣ್ಣು ಎಲ್ಲಿ ಹಾಕ್ಯಾನಂತ." ನಾನು ಕೇಳಿದೆ. ಅಪ್ಪ ಎದ್ದು ಹೊರಗೆ ಹೋದ. ತಿರುಗಿ ಆಯಿಯ ಮುಖ ನೋಡಿದೆ, ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಆಮೇಲೂ ಒಮ್ಮೊಮ್ಮೆ ಕೇಳಿಸುತ್ತಿದ್ದಳು, ವರ್ಷಕ್ಕೊಮ್ಮೆಯೋ ಏನೋ, ಎಳ್ಳ ಅಮವಾಸ್ಯೆ ಹತ್ತಿರ ಬಂದಾಗ. ಬನ್ನಿ ಗಿಡ ಹೋಯಿತು, ಅದು ಅವಳಿಗೆ ಗೊತ್ತಿತ್ತು. ಗಿಡ ನಿಂತಿದ್ದ ನೆಲ ಎಲ್ಲಿ ಹೋಯಿತು ಎಂಬುದೇ ಅವಳಿಗೆ ಬೇಕಾಗಿತ್ತು.

ಗದ್ದೆಯಾದ ಮೊದಲ ವರ್ಷ ಅವಳು ಚರಗಕ್ಕೆ ಹೊಲಕ್ಕೇ ಹೋದಳು. ಎರಡನೆಯ ಬೆಳೆಗೆಂದು ಗದ್ದೆ ತುಂಬ ನೀರು ನಿಲ್ಲಿಸಿದ್ದರು. ಕೂಡಲು ಒಣ ಜಾಗವಿಲ್ಲ. ಬದು ಜಾರುತ್ತಿತ್ತು, ಸುತ್ತು ಹಾಕುವಂತಿರಲಿಲ್ಲ. ನಿಂತಲ್ಲಿಂದಲೇ ರೊಟ್ಟಿಯ ಚೂರು ಚೆಲ್ಲಿದಳು. ಚೂರುಗಳು ನೀರಿನ ಮೇಲೆ ತೇಲಿದವು. ಬೆಳ್ಳಕ್ಕಿಗಳು ಬಂದವು. "ಭೂಮಿ ಉಣ್ಣೂದು ಹ್ಯಾಂಗ, ನಡುವ ನೀರು ನಿಂತಾದ" ಎಂದಳು, ಯಾರಿಗೆಂದಿಲ್ಲ. ಮನೆಗೆ ಬಂದು ಉಳಿದದ್ದನ್ನೆಲ್ಲ ಎಮ್ಮೆಗೆ ಹಾಕಿದಳು. ಅದರ ಮರು ವರ್ಷವೇ ಅಪ್ಪ ಟ್ರಾಲಿ ಕಟ್ಟಿದ್ದು.

ನಮ್ಮ ಸೀಮೆಯ ಮಂದಿ ಕೇಳಿದರೆ ಹೇಳುವುದು ಇನ್ನೊಂದು: ಕಾಲುವೆ ಬಂತು, ಕೈಯಲ್ಲಿ ನಾಲ್ಕು ಕಾಸು ಓಡಾಡಿತು, ಮಂದಿ ಪಾರ್ಕು ಗೀರ್ಕು ತಿರುಗಲು ಕಲಿತರು. ಇರಬಹುದು. ನಮ್ಮ ಮನೆಯ ಮಟ್ಟಿಗೆ ಅದು ಸುಳ್ಳು. ನಾವು ಪಾರ್ಕಿಗೆ ಹೋದದ್ದು ಕೂಡಲು ಒಣ ನೆಲ ಬೇಕೆಂದು.

ಪಾರ್ಕು ಸಣ್ಣದು. ಕೆರೆಯ ಬದಿಗೆ ಮಣ್ಣು ತುಂಬಿಸಿ ಮಾಡಿದ್ದು. ಎರಡು ಜೋಕಾಲಿ, ಒಂದು ಜಾರುಬಂಡೆ, ಕಿವಿ ಮುರಿದ ಸಿಮೆಂಟಿನ ಜಿಂಕೆ. ಪಕ್ಕದಲ್ಲೇ ಅಷ್ಟು ದೊಡ್ಡ ಕೆರೆಯಿದ್ದರೂ ಒಂದು ದಿನವೂ ನೀರು ಚಿಮ್ಮದ ಕಾರಂಜಿ. ಆ ದಿನ ನಮ್ಮಂಥವರ ಟ್ರಾಲಿಗಳು, ಟಂಟಂ ಆಟೋಗಳು ಗೇಟಿನ ಹೊರಗಿನ ಬಯಲಿಗೆ ಸಾಲಾಗಿ ನಿಂತು ಅಲ್ಲೊಂದು ಊರೇ ಏಳುತ್ತಿತ್ತು. ಒಬ್ಬರ ಒಲೆಯ ಹೊಗೆ ಇನ್ನೊಬ್ಬರ ಪರದೆಗೆ. ನಮ್ಮ ಭಜ್ಜಿ ಅವರ ತಾಟಿಗೆ, ಅವರ ಚಟ್ನಿ ನಮ್ಮ ತಾಟಿಗೆ. ಮುಂಜಾನೆ ಎದ್ದರೆ ನೀರಿನ ಮೇಲೆ ಮಂಜು, ಮಂಜಿನಾಚೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ಮೂಗು ಯಾವುದು, ಹೊಟ್ಟೆ ಯಾವುದು ಎಂದು ಹುಡುಗರು ತೋರಿಸುತ್ತಿದ್ದರೆ, ಅವು ಬರೀ ಬಂಡೆ, ಬೇರೆ ಕಡೆಯಿಂದ ನೋಡಿದರೆ ಏನೂ ಇಲ್ಲ ಎಂದು ನಾನು ವಾದ ಮಾಡುತ್ತಿದ್ದೆ. ಆಗಲೇ ಹಾಗಿದ್ದೆ. ಟ್ರಾಲಿಯೊಳಗಿಂದ ಆಯಿ, "ಮಲಗ್ಯಾನ, ಗದ್ದಲ ಮಾಡಬ್ಯಾಡ್ರಿ" ಎನ್ನುತ್ತಿದ್ದಳು. ವಾದ ಅಲ್ಲಿಗೆ ಮುಗಿಯುತ್ತಿತ್ತು. ಯಾರು ಗೆದ್ದರೆಂದು ತಿಳಿಯುತ್ತಿರಲಿಲ್ಲ.

ಅವಳು ಟ್ರಾಲಿಯಿಂದ ಇಳಿಯುತ್ತಿರಲಿಲ್ಲ. ಊಟ ಮೇಲೆಯೇ, ನಿದ್ದೆ ಮೇಲೆಯೇ. ತೀರ ಬೇಕಾದಾಗ ಬಯಲ ಕಡೆ ಇಳಿದರೂ ಪಾರ್ಕಿನ ಗೇಟು ದಾಟುತ್ತಿರಲಿಲ್ಲ. ಮಡಿಲಿನ ಗಂಟಿನಲ್ಲಿ ಐದು ಕಲ್ಲು ಇರುತ್ತಿದ್ದವು. ಗಂಟು ಬಿಚ್ಚುತ್ತಿರಲಿಲ್ಲ. ಚರಗದ ಬುಟ್ಟಿ ಹೋದ ಹಾಗೆಯೇ ತಿರುಗಿ ಬರುತ್ತಿತ್ತು, ಎಮ್ಮೆ ಉಣ್ಣುತ್ತಿತ್ತು. ಮೊಣಕಾಲು ನೋವು, ಅದಕ್ಕೇ ಇಳಿಯುವುದಿಲ್ಲ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಇದನ್ನೂ ನಾನು ಒಪ್ಪುವುದಿಲ್ಲ. ಟ್ರಾಲಿ ಹತ್ತುವಾಗ ಇಲ್ಲದ ಮೊಣಕಾಲು ನೋವು ಇಳಿಯುವಾಗ ಎಲ್ಲಿಂದ ಬರುತ್ತದೆ? ಕಂಡವರ ನೆಲದಲ್ಲಿ ತನ್ನ ಕಲ್ಲು ಕೂಡಿಸುವುದು ಅವಳಿಗೆ ಒಗ್ಗಲಿಲ್ಲ. ಅಪ್ಪ ಪ್ರತಿ ಸಲ ಒಂದು ಚಾಪೆ ಹಿಡಿದು ಟ್ರಾಲಿಯ ಹಿಂದೆ ಬಂದು ನಿಲ್ಲುತ್ತಿದ್ದ. ಆಮೇಲೆ ಚಾಪೆಯನ್ನು ನಮಗೇ ಹಾಸಿಕೊಡುತ್ತಿದ್ದ.

ನಾನು ಕನ್ನಡ ಸಾಲೆ ಮುಗಿಸಿ ಹೈಸ್ಕೂಲು ದಾಟುವವರೆಗೂ ಹೀಗೇ ನಡೆಯಿತು.

ಆಮೇಲೆ ಆ ವರ್ಷ. ಅಮವಾಸ್ಯೆಯ ಮುಂಜಾನೆ ಗಾಲಿ ನಿಂತ ತುಸು ಹೊತ್ತಿಗೆ ಆಯಿ ಪರದೆ ಸರಿಸಿದಳು. ಅಪ್ಪ ಚಾಪೆ ಹಿಡಿದು ನಿಂತಿದ್ದ. ಅವಳು ಅವನ ಹೆಗಲ ಮೇಲೆ ಕೈಯಿಟ್ಟು ಇಳಿದಳು. ಅವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆಯಿ ಗೇಟು ದಾಟಿ, ಜೋಕಾಲಿ ದಾಟಿ, ನೆರಳಿದ್ದ ಬೆಂಚುಗಳನ್ನೂ ಬಿಟ್ಟು, ಕಿವಿ ಮುರಿದ ಜಿಂಕೆಯ ಹಿಂದಿನ ಮೂಲೆಗೆ ಹೋದಳು. ಅಲ್ಲಿ ಯಾರೂ ಕೂಡುತ್ತಿರಲಿಲ್ಲ. ಹುಲ್ಲು ಅರ್ಧ ಒಣಗಿತ್ತು, ಒಂದು ಮುಳ್ಳಿನ ಗಿಡ ಎದ್ದಿತ್ತು. "ಇಲ್ಲೇ ಹಾಸು" ಎಂದಳು, ಯಾರ ಮುಖವನ್ನೂ ನೋಡದೆ.

ಅಷ್ಟೇ ಅವಳು ಆಡಿದ್ದು. ಗಂಟು ಬಿಚ್ಚಿ ಐದು ಕಲ್ಲು ಕೂಡಿಸಿದಳು. ಕಲ್ಲು ಅಲುಗದಂತೆ ಒತ್ತಲು ಒಂದು ಹಿಡಿ ಮಣ್ಣು ಕೆದರಿ ಮುಖದ ಹತ್ತಿರ ಹಿಡಿದು ನೋಡಿದಳು. ಮೂಸಿದಳು ಎಂದು ಮಂದಿ ಹೇಳುವುದು ಇದನ್ನೇ. ಆಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಅವಳು ಅಕ್ಕಿಯನ್ನೂ ಮುಖದ ಹತ್ತಿರ ಹಿಡಿಯುತ್ತಿದ್ದಳು, ಸೂಜಿಯನ್ನೂ, ನನ್ನ ಮುಖವನ್ನೂ. ನನ್ನನ್ನು ಮೂಸಿ ಗುರುತು ಹಿಡಿಯುತ್ತಿದ್ದಳೆಂದು ಯಾರೂ ಹೇಳಿಲ್ಲ.

ಪೂಜೆಯಾಯಿತು. ಬುಟ್ಟಿಯಿಂದ ಕಡಬು ರೊಟ್ಟಿ ತೆಗೆದುಕೊಂಡು ಆಯಿ ಎದ್ದಳು. ಚೆಲ್ಲಿದಳು. ಕೂಗಿದಳು. ಅಷ್ಟು ವರ್ಷ ಒಳಗೇ ಇಟ್ಟುಕೊಂಡ ಕೂಗಿಗೆ ಮೊದಲ ಸಲ ದನಿಯೇ ಸರಿಯಾಗಿ ಹೊರಡಲಿಲ್ಲ, ಮತ್ತೊಮ್ಮೆ ಕೂಗಿದಳು. ಜೋಕಾಲಿಯ ಮೇಲಿದ್ದ ಹುಡುಗರು ನಿಂತರು. ಯಾರೂ ಓಗೊಡಲಿಲ್ಲ. ನಾನು ಓಗೊಡಲೇ ಎಂದು ಬಾಯಿ ತೆರೆದೆ, ಅಭ್ಯಾಸ ನೋಡಿ, ಇಬ್ಬರ ನಡುವಿನ ಮಾತು ನನ್ನದೇ ಎಂಬ ಅಭ್ಯಾಸ. ಅಷ್ಟರಲ್ಲಿ ಹಿಂದಿನಿಂದ ಅಪ್ಪನ ದನಿ ಬಂತು. ತಂಬಿಗೆಯಿಂದ ನೀರು ಹನಿಸುತ್ತ, ಅವಳ ಹೆಜ್ಜೆಯ ಹಿಂದೆಯೇ ನಡೆಯುತ್ತ ಅವನು ಓಗೊಟ್ಟ. ಅವಳು ಕೂಗಿದಳು, ಅವನು ಓಗೊಟ್ಟ. ಇಡೀ ಪಾರ್ಕನ್ನು ಸುತ್ತಲಿಲ್ಲ, ಆ ಮೂಲೆಯನ್ನಷ್ಟೇ ಸುತ್ತಿದರು. ಇಲ್ಲೆಲ್ಲ ಚೆಲ್ಲಬಾರದೆಂದು ಹೇಳಲು ಬಂದ ಚೌಕೀದಾರ ಹೇಳದೆಯೇ ಕೈಕಟ್ಟಿ ನಿಂತ. ಅವನಿಗೂ ಕಡಬು ಕೊಟ್ಟೆವು.

ಕಥೆ ಹುಟ್ಟಿದ್ದು ಇದಾದ ಮೇಲೆ, ಮಹಬೂಬ ಚಾಚಾನ ಬಾಯಲ್ಲಿ. ಅವನು ಊಟಕ್ಕೆಂದು ಬಂದವನು ಕಲ್ಲು ಕೂಡಿಸಿದ ಜಾಗ ನೋಡಿ ಬಗ್ಗಿ ನೆಲ ಮುಟ್ಟಿದ. "ಯಾ ಅಲ್ಲಾ. ಇದು ದಿಬ್ಬದ ಮಣ್ಣು ಅದಾ. ಈ ಪಾರ್ಕ ಆಗೂವಾಗ ನಾನೇ ತಂದು ಸುರುವೀನಿ, ಇದೇ ಮೂಲ್ಯಾಗ. ಅಮ್ಮಾಗ ಹ್ಯಾಂಗ ಗೊತ್ತಾತು?" ಅವ್ವ ಕೈಮುಗಿದಳು. ಪಕ್ಕದ ಟ್ರಾಲಿಯವರು ಬಂದರು. ಸಂಜೆಯ ಹೊತ್ತಿಗೆ ಆಯಿ ಮಣ್ಣು ಮೂಸಿದ್ದಳು. ಮರುದಿನ ನಾವು ಊರು ಮುಟ್ಟುವ ಮೊದಲೇ ಆ ಮುಳ್ಳಿನ ಗಿಡ ಬನ್ನಿಯಾಗಿ, ಹಳೆ ಬೇರು ಮಣ್ಣಿನ ಜೊತೆ ಬಂದು ಚಿಗುರಿದೆ ಎಂಬ ಸುದ್ದಿ ಅಲ್ಲಿ ಕಾದಿತ್ತು. ಆಮೇಲೊಂದು ದಿನ ನಾನು ಸುಮ್ಮನಿರದೆ ಹೋಗಿ ನೋಡಿ ಬಂದೆ. ಅದು ಸರ್ಕಾರಿ ಜಾಲಿ. ಎಲ್ಲಿ ಬೇಕಾದರೂ ಏಳುವಂಥದು.

ಆ ಗದ್ದಲದಲ್ಲಿ ಒಂದನ್ನು ಯಾರೂ ಗಮನಿಸಲಿಲ್ಲ. ಊಟಕ್ಕೆ ಕೂತಾಗ ಆಯಿ ರೊಟ್ಟಿಯ ಮೇಲೆ ಭಜ್ಜಿ ಹಾಕಿ ಕೈ ಚಾಚಿದಳು. ನಾನು ದಾಟಿಸಲೆಂದು ಕೈ ಒಡ್ಡಿದೆ. ಅವಳು ನನ್ನ ಕೈಯನ್ನು ಬದಿಗೆ ಸರಿಸಿ ಅಪ್ಪನ ಕಡೆ ನೋಡಿ ಹೇಳಿದಳು: "ತಗೋ, ಆರ್ತಾದ."

ಅಂದಿನಿಂದ ನನಗೆ ಕೆಲಸ ತಪ್ಪಿತು.

ಈಗ ವಾದಕ್ಕೆ ಬರೋಣ. ಪಾರ್ಕಿನಲ್ಲಿ ಅಷ್ಟು ಜಾಗವಿದ್ದರೂ ಆಯಿ ಬರಾಬರಿ ಅದೇ ಮೂಲೆಗೆ ಹೋಗಿ ಕೂತದ್ದು ಹೇಗೆ? ಮೂಸಿ ಅಲ್ಲ. ಮಣ್ಣು ಎತ್ತಿದ್ದು ಕೂತ ಮೇಲೆ, ಜಾಗ ಆರಿಸಿದ್ದು ಅದಕ್ಕೂ ಮೊದಲು. ಅಲ್ಲದೆ ಶಹಾಪುರದಿಂದ ಸುರಪುರದವರೆಗೆ ಎಲ್ಲಿ ಎತ್ತಿದರೂ ಬರುವುದು ಅದೇ ಎರೆಮಣ್ಣು. ಅಕಸ್ಮಾತ್ತೂ ಅಲ್ಲ. ಹಾಗಿದ್ದರೆ ನೆರಳು ಬಿಟ್ಟು ಬಿಸಿಲಿಗೆ ಯಾಕೆ ಹೋಗುತ್ತಿದ್ದಳು? ಅವಳಿಗೆ ಯಾರೋ ಹೇಳಿದ್ದರು. ಗೊತ್ತಿದ್ದವರು ಇಬ್ಬರೇ. ಚಾಚಾನನ್ನು ಎಷ್ಟೋ ಸಲ ಕೇಳಿದ್ದೇನೆ. ತಾನಾಗಿ ಹೇಳಿಲ್ಲವೆಂದು ಮಗನ ತಲೆ ಮುಟ್ಟಿ ಆಣೆ ಮಾಡುತ್ತಾನೆ. ಅವನ ಆಶ್ಚರ್ಯವನ್ನು ನಾನೇ ಕಂಡಿದ್ದೇನೆ, ಅದು ನಟನೆಯಲ್ಲ. ಹಾಗಾದರೆ ಉಳಿದವನು ಅಪ್ಪ.

ಸಾಕ್ಷಿ ಇದೆ. ಅಮವಾಸ್ಯೆಯ ಹಿಂದಿನ ವಾರ ಅಪ್ಪ ಕಣ್ಣು ತೋರಿಸಲೆಂದು ಆಯಿಯನ್ನು ಬೈಕಿನ ಮೇಲೆ ಕೂಡಿಸಿಕೊಂಡು ಶಹಾಪುರದ ದವಾಖಾನೆಗೆ ಹೋಗಿದ್ದ. ಇಬ್ಬರೇ. ಯಾವಾಗಲೂ ಆಯಿಯನ್ನು ಕರೆದೊಯ್ಯುತ್ತಿದ್ದವಳು ಅವ್ವ, ಆ ಸಲ ಅಪ್ಪ ತಾನೇ ಹೋಗುತ್ತೇನೆಂದ. ಬಂದದ್ದು ಹೊತ್ತು ಮುಳುಗಿದ ಮೇಲೆ. ಅವ್ವ ಆಯಿಯ ಸೀರೆಯಂಚಿಗೆ ಅಂಟಿದ್ದ ಉತ್ತರಾಣಿಯ ಮುಳ್ಳನ್ನು ಒಂದೊಂದೇ ಕೀಳುತ್ತಿದ್ದದ್ದು ನನಗೆ ನೆನಪಿದೆ. ದವಾಖಾನೆಯ ಫರಸಿ ನೆಲದ ಮೇಲೆ ಉತ್ತರಾಣಿ ಬೆಳೆಯುತ್ತದೆಯೇ? ಪಾರ್ಕಿನ ಆ ಮೂಲೆಯಲ್ಲಿ ಬೆಳೆಯುತ್ತದೆ. ಇನ್ನೊಂದು. ಆ ವರ್ಷ ಅಪ್ಪ ಟ್ರಾಲಿಯನ್ನು ಬಯಲಿನ ಸಾಲಿನಲ್ಲಿ ಹಚ್ಚಿಸಲಿಲ್ಲ, ಜಿಂಕೆಯ ಕಡೆಗಿರುವ ಸಣ್ಣ ಗೇಟಿಗೆ ತಾಗಿಸಿ ನಿಲ್ಲಿಸಲು ಚಾಚಾನಿಗೆ ಹೇಳಿದ. ಯಾಕೆಂದು ಚಾಚಾ ಕೇಳಿದ್ದಕ್ಕೆ, ಯವ್ವಗ ನಡೆಯೋದು ಕಮ್ಮಿ ಆಗ್ತಾದ ಎಂದನಂತೆ. ಇಳಿಯದೇ ಇದ್ದವಳಿಗೆ ನಡೆಯುವ ಮಾತು ಎಲ್ಲಿಂದ ಬಂತು?

ಎದುರುವಾದವೂ ಗೊತ್ತು. ಉತ್ತರಾಣಿ ಬಸ್‌ಸ್ಟ್ಯಾಂಡಿನ ಬದಿಗೂ ಇದೆ. ಸಣ್ಣ ಗೇಟಿನ ಹತ್ತಿರ ಆ ದಿನ ನೆರಳಿದ್ದಿರಬಹುದು. ನನ್ನ ವಿರುದ್ಧ ನಾನೇ ಮಾತಾಡಿದರೆ ಆ ಕಪ್ಪೂ ನನಗೇ ಬರುತ್ತದೆ. ಆದರೂ ಇದನ್ನು ನಾನು ಗೆಲ್ಲಬೇಕೆಂದು ಹೇಳುತ್ತಿಲ್ಲ. ಪವಾಡವನ್ನು ಒಪ್ಪಿಕೊಂಡರೆ ನಮ್ಮ ಅಪ್ಪ ಆ ದಿನ ಚಾಪೆ ಹಾಸಿದ, ನೀರು ಹನಿಸಿದ, ಮುಗಿಯಿತು. ಅಷ್ಟು ವರ್ಷ ಬಾಯಿಗೆ ಬಾರದಿದ್ದ ಮಾತನ್ನು ಅವನು ತಾಯಿಯ ಮುಂದೆ ಆಡಿದ ಎಂಬುದು ಕಥೆಯಿಂದ ಅಳಿಸಿಹೋಗುತ್ತದೆ. ಮಣ್ಣು ಮೂಸಿ ಗುರುತಿಸುವುದು ದೊಡ್ಡದೆಂದು ಮಂದಿ ಅನ್ನುತ್ತಾರೆ. ನನಗೇಕೋ ಇದೇ ದೊಡ್ಡದಾಗಿ ಕಾಣುತ್ತದೆ. ವಿಚಿತ್ರವೆಂದರೆ ಪವಾಡದ ಕಥೆಯನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಟ್ಟಿಯಾಗಿ ಹೇಳುವವನು ಅಪ್ಪನೇ. ನಾನು ತಕರಾರು ತೆಗೆದರೆ, "ನಮ್ಮ ವಕೀಲವ್ವ ಬಂದ್ಲು ನೋಡ್ರಿ" ಎಂದು ಬಂದವರನ್ನು ನಗಿಸಿ ಎದ್ದು ಹೋಗುತ್ತಾನೆ.

ಆಯಿ ಹೋಗಿ ಈಗ ಎರಡು ಎಳ್ಳ ಅಮವಾಸ್ಯೆಗಳಾದವು. ಅವಳು ಬದುಕಿದ್ದಾಗ ಅವಳನ್ನೇ ಕೇಳಿದ್ದೆ, ಯಾರು ಹೇಳಿದರೆಂದು. "ಹೇಳೂದೇನು ಬೇ, ನಮ್ಮ ಜಾಗಾ ನಮಗ ಗೊತ್ತಾಗಲ್ಲೇನು" ಎಂದು ನಕ್ಕಿದ್ದಳು. ಮಗನ ಗುಟ್ಟು ಕಾಯಲೆಂದು ಹಾಗೆ ಹೇಳಿದಳೋ, ಅದೇ ನಿಜವೋ.

ಕಳೆದ ವರ್ಷ ಪಾರ್ಕಿಗೆ ನಿಜವಾದ ಮನೆಗಾಡಿಯೊಂದು ಬಂದಿತ್ತು. ಹೈದರಾಬಾದಿನ ಕಡೆಯ ಗಂಡ ಹೆಂಡತಿ, ಇಬ್ಬರೂ ವಯಸ್ಸಾದವರು. ಬಾಗಿಲು ತೆರೆದು ನಮಗೆಲ್ಲ ಒಳಗೆ ತೋರಿಸಿದರು. ಮಡಚುವ ಹಾಸಿಗೆ, ಸಣ್ಣ ಒಲೆ, ಬಟನು ಒತ್ತಿದರೆ ಬರುವ ನೀರು. ಕನ್ನಡಿಯೂ ಇತ್ತು, ಆದರೆ ಗೋಡೆಗೆ ಗಟ್ಟಿಯಾಗಿ ಅಂಟಿಸಿದ್ದು, ಕುಣಿಯುವುದಿಲ್ಲ. ಗಾಡಿ ನಿಲ್ಲಿಸಲು ಅವರಿಗೆ ಸಮ ನೆಲ ಬೇಕಿತ್ತು. ಜಿಂಕೆಯ ಹಿಂದಿನ ಮೂಲೆ ಖಾಲಿ ಇದೆಯೆಂದು ಅತ್ತ ತಿರುಗಿಸಿದರು. ಅಪ್ಪ ಕೈಯಲ್ಲಿದ್ದ ತಾಟು ಕೆಳಗಿಟ್ಟು ಎದ್ದು ಹೋಗಿ ಗಾಡಿಯ ಮುಂದೆ ನಿಂತ.

"ಅಲ್ಲಿ ಬ್ಯಾಡ್ರಿ ಸಾಹೇಬ್ರ. ಅದು ಹೊರಗಿನಿಂದ ತಂದು ಹಾಕಿದ ಮಣ್ಣು. ಗಾಲಿ ಇಳೀತಾವ."

ಮಳೆ ನಿಂತು ತಿಂಗಳುಗಳಾಗಿದ್ದವು. ನೆಲ ಬಿರಿಯುವಷ್ಟು ಒಣಗಿತ್ತು. ಗಾಲಿ ಇಳಿಯುವ ಮಾತೇ ಇರಲಿಲ್ಲ. ಅವರು ಪಾಪ ಒಪ್ಪಿ ಬೇರೆ ಕಡೆ ಹಚ್ಚಿದರು. ಅಪ್ಪ ತಿರುಗಿ ಬರುವಾಗ ಜಾಲಿಯ ಬುಡದಲ್ಲಿ ಎರಡು ಗಳಿಗೆ ನಿಂತ. ನಾನು ತಾಟಿನ ಮೇಲೆ ತಲೆ ಬಗ್ಗಿಸಿ ಉಂಡೆ.

ಈ ವಾರ ತಾಡಪತ್ರಿ ಒಣಗಿದ ಮೇಲೆ ಮಡಚಲು ಅಪ್ಪ ಕರೆದ. ದೊಡ್ಡ ತಾಡಪತ್ರಿಯನ್ನು ಒಬ್ಬರೇ ಮಡಚಲಾಗುವುದಿಲ್ಲ. ಅಂಗಳದ ಆ ತುದಿಗೆ ಅವನು, ಈ ತುದಿಗೆ ನಾನು. ಒಮ್ಮೆ ಮಡಚಿ ಹತ್ತಿರ ಬಂದೆವು, ಮತ್ತೊಮ್ಮೆ ಮಡಚಿ ಇನ್ನಷ್ಟು ಹತ್ತಿರ. ಕೊನೆಯ ಮಡಿಕೆಗೆ ನನ್ನ ತುದಿ ಅವನ ಕೈಗೆ ಸೇರಬೇಕು. ಅವನ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದುಕೊಂಡೆ. ಹೇಳಿದೆಯೋ ಇಲ್ಲವೋ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ, ಆ ಪ್ರಶ್ನೆಯಲ್ಲಿ ನಾನು ಬಹಳ ಸಲ ಸೋತಿದ್ದೇನೆ. ಚರ್ಚೆಯಲ್ಲಿ ಕಲಿತ ಯುಕ್ತಿ ಬಿಟ್ಟು, ನಿಜವಾಗಿ ನನಗೆ ಬೇಕಾದದ್ದನ್ನೇ ಕೇಳಿದೆ. ನನಗೆ ಬೇಕಾದದ್ದು ಸಾಕ್ಷಿಯಲ್ಲ. ನಾನು ಅಷ್ಟು ವರ್ಷ ಇಬ್ಬರ ನಡುವೆ ಹೊತ್ತು ತಿರುಗಿ, ಒಮ್ಮೆಯೂ ದಾಟಿಸಲಾಗದ ಆ ಒಂದು ಮಾತು.

ಅವನ ಕೈ ತಾಡಪತ್ರಿಯ ಅಂಚನ್ನು ಹಿಡಿದಿತ್ತು. ನಾನು ನನ್ನ ತುದಿಯನ್ನು ಬಿಡಲಿಲ್ಲ.

"ಅಪ್ಪಾ, ಅವತ್ತು ಆಯಿಗೆ ಅಲ್ಲಿ ನಿಲ್ಲಿಸಿ ಮೊದಲ ಮಾತು ಏನಂದಿ?"